ಅಪ್‌ಡೇಟ್: ವಾಟರ್ ಹೀಟರ್ ರಾಡ್ ಕೆಟ್ಟಿಲ್ಲ, ವೋಲ್ಟೇಜೇ ಕಡಿಮೆ

1500 ವ್ಯಾಟ್‌ನ ವಾಟರ್ ಹೀಟರ್ ರಾಡ್ ಸಂಜೆ ಹೊತ್ತು ನೀರು ಕಾಯಿಸಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ, ಕಾಯಿಲ್ ಹೋಗಿದೆಯಾ ಎಂದು ಕೇಳಿದ್ದೆ. ವೋಲ್ಟೇಜ್, ಕರೆಂಟ್ ಎರಡನ್ನೂ ಅಳೆಯಿರಿ ಎಂದಿದ್ದಿರಿ. ಪರಿಚಯದ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ (ವೈರನ್ನು ಸುತ್ತಲೂ ಹಿಡಿದು ಕರೆಂಟ್ ಅಳೆಯುವ ಸಾಧನ) ತಂದು ಅಳೆದುಕೊಟ್ಟರು. ಕ್ಲ್ಯಾಂಪ್ ಒಂದೇ ವೈರನ್ನು ಹಿಡಿಯಬೇಕು. ಫೇಸ್, ನ್ಯೂಟ್ರಲ್ ಎರಡೂ ಸೇರಿದರೆ ಸೊನ್ನೆ ತೋರಿಸುತ್ತದೆ.

ಬೆಳಿಗ್ಗೆ 228 ವೋಲ್ಟ್, 6.5 ಆಂಪಿಯರ್. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್ (ಕರೆಂಟಿಗೆ ಕಾಯಿಲ್ ಒಡ್ಡುವ ತಡೆ) ಸುಮಾರು 35 ಓಮ್, ಎರಡನ್ನೂ ಗುಣಿಸಿದರೆ ಪವರ್ 1482 ವ್ಯಾಟ್. ಸಂಜೆ 184 ವೋಲ್ಟ್, 5.2 ಆಂಪಿಯರ್. ಆಗಲೂ ರೆಸಿಸ್ಟೆನ್ಸ್ ಸುಮಾರು 35 ಓಮ್! ಅಂದರೆ ಕಾಯಿಲ್ ಚೆನ್ನಾಗಿಯೇ ಇದೆ. ಪವರ್ ಮಾತ್ರ 957 ವ್ಯಾಟ್‌ಗೆ ಇಳಿದಿದೆ.

ನನಗೆ ತುಂಬಾ ಹಿಡಿಸಿದ್ದು ಇದು: ವೋಲ್ಟೇಜ್ ಶೇ. 20ರಷ್ಟು ಇಳಿದರೆ ಕರೆಂಟೂ ಅಷ್ಟೇ ಇಳಿಯುತ್ತದೆ. ಎರಡನ್ನೂ ಗುಣಿಸಿದಾಗ ಪವರ್ ಶೇ. 36ರಷ್ಟು ಕಡಿಮೆ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 50ಕ್ಕೆ ಏರಿಸಲು ಬೆಳಿಗ್ಗೆ 24 ನಿಮಿಷ ಸಾಕು, ಸಂಜೆ 36 ಬೇಕು. ಆಚೆ ಹೋಗುವ ಶಾಖ ಬೇರೆ.

ವೋಲ್ಟೇಜ್ ಇಳಿದರೆ ಕರೆಂಟ್ ಜಾಸ್ತಿ ಆಗುತ್ತೆ ಅಲ್ವಾ ಎಂದು ಒಬ್ಬರು ಕೇಳಿದ್ದರು. ಲೋಡ್ ಹೊತ್ತ ಪಂಪ್‌ಸೆಟ್ ಮೋಟರ್‌ಗೆ ಅದು ನಿಜ, ಹೀಟರ್‌ಗೆ ಅಲ್ಲ. ಹೊಸ ರಾಡ್ ತರುವುದಿಲ್ಲ. ಸಂಜೆಯ ವೋಲ್ಟೇಜ್ ಬಗ್ಗೆ ದೂರು ಕೊಟ್ಟಿದ್ದೇನೆ.