ಹಾಸನದಿಂದ ಚಿಕಾಗೊ: ಅಮ್ಮನಿಗೆ ಯಾವ ದಾರಿ ಸಲೀಸು?

ಪ್ರಶ್ನೆ: ಅಮ್ಮ ಚಿಕಾಗೊಗೆ, ಅಣ್ಣನ ಮನೆಗೆ ಹೊರಟಿದ್ದಾರೆ. ಅರವತ್ತೆಂಟು ವರ್ಷ, ಮಂಡಿನೋವು, ಜೊತೆಗೆ ಯಾರೂ ಇಲ್ಲ. ಬೆಂಗಳೂರಿಂದ ಎಷ್ಟು ದೂರ, ಎಷ್ಟು ಹೊತ್ತು? ಅಬುಧಾಬಿ ಮೇಲೆ ಕಳಿಸೋದಾ, ಫ್ರಾಂಕ್‌ಫರ್ಟ್ ಮೇಲಾ? ಹೋಗಿಬಂದವರು ಹೇಳಿ.

ಚನ್ನರಾಯಪಟ್ಟಣದಿಂದ: ನೇರ ಗೆರೆ ಎಳೆದರೆ ಸುಮಾರು 13,700 ಕಿ.ಮೀ. ಗ್ಲೋಬಿನ ಮೇಲೆ ದಾರ ಹಿಡಿದು ನೋಡಿ, ಅದು ರಷ್ಯಾ ದಾಟಿ ಉತ್ತರ ಧ್ರುವದ ಕಡೆಯಿಂದ ಸುತ್ತಿ ಇಳಿಯುತ್ತೆ. ತಮಾಷೆ ಅಂದ್ರೆ ನೀವು ಕೇಳಿದ ಎರಡೂ ದಾರಿ ಹೆಚ್ಚುಕಮ್ಮಿ 14,400ಕ್ಕೇ ಬಂದು ನಿಲ್ಲುತ್ವೆ. ಅಬುಧಾಬಿ ಮೇಲೆ 2,700 ಮತ್ತು 11,700. ಫ್ರಾಂಕ್‌ಫರ್ಟ್ ಮೇಲೆ 7,400 ಮತ್ತು 7,000. ಅದಕ್ಕೇ ಕಿಲೋಮೀಟರ್ ಬಿಡಿ, ಪ್ರಯಾಣ ಎಲ್ಲಿ ತುಂಡಾಗುತ್ತೆ ನೋಡಿ. ಅಬುಧಾಬಿಗೆ ನಾಲ್ಕು ಗಂಟೆ ಚಿಲ್ಲರೆ, ಆಮೇಲೆ ಒಂದೇ ಸಮ ಹದಿನೈದು ಗಂಟೆ ಕೂರಬೇಕು. ಫ್ರಾಂಕ್‌ಫರ್ಟ್‌ಗೆ ಹತ್ತು, ಅಲ್ಲಿಂದ ಒಂಬತ್ತೋ ಒಂಬತ್ತೂವರೆಯೋ. ನಮ್ಮತ್ತೆಯ ಮಂಡಿಗೆ ಹತ್ತು ಗಂಟೆಯೇ ಸಾಕುಬೇಕಾಗಿತ್ತು. ನನ್ನ ವೋಟು ಫ್ರಾಂಕ್‌ಫರ್ಟ್‌ಗೆ. ಯಾವುದಾದರೂ ಸರಿ, ಓಡಾಡೋ ದಾರಿ ಪಕ್ಕದ ಐಲ್ ಸೀಟೇ ತಗೊಳ್ಳಿ. ಕಿಟಕಿ ಪಕ್ಕ ಕೂತರೆ ಪಕ್ಕದವರನ್ನ ಎಬ್ಬಿಸೋಕೆ ಸಂಕೋಚಪಟ್ಟು ನೀರೇ ಕುಡಿಯಲ್ಲ.

ಸಕಲೇಶಪುರದಿಂದ: ನಾನು ಒಪ್ಪಲ್ಲ. ಒಬ್ಬರೇ ಹೋಗೋರಿಗೆ ಕಾಲುನೋವಿಗಿಂತ ಇಮಿಗ್ರೇಷನ್ ಭಯ ದೊಡ್ಡದು. ಅಬುಧಾಬಿಯಲ್ಲಿ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಅಲ್ಲೇ ಮುಗಿಯುತ್ತೆ. ಚಿಕಾಗೊದಲ್ಲಿ ಇಳಿದರೆ ಅಲ್ಲಿನವರ ಥರಾನೇ ಬ್ಯಾಗ್ ತಗೊಂಡು ಆಚೆ ಬರೋದು. ಆದರೆ ಎರಡು ವಿಮಾನದ ನಡುವೆ ಮೂರು ಗಂಟೆಗಿಂತ ಕಡಿಮೆ ಇರೋ ಟಿಕೆಟ್ ಬೇಡ, ಮತ್ತೊಂದು ಸಲ ತಪಾಸಣೆ ಇರುತ್ತೆ. ಅಣ್ಣನ ವಿಳಾಸ, ಫೋನ್ ನಂಬರು, ವಾಪಸ್ ತಾರೀಖು ಇಷ್ಟನ್ನೂ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆಗಿಡಿ. ಆಫೀಸರ್ ಕೇಳೋದೂ ಅದನ್ನೇ. ನಮ್ಮಮ್ಮ ಚೀಟಿ ಮುಂದೆ ಹಿಡಿದು ನಕ್ಕರಂತೆ, ಅವನೂ ನಕ್ಕು ಠಸ್ಸೆ ಒತ್ತಿದನಂತೆ.

ಬೇಲೂರಿನಿಂದ: ಟಿಕೆಟ್ ನೋಡಿ ಮೋಸ ಹೋಗಬೇಡಿ. ಬೆಂಗಳೂರು ಬೆಳಗಿನ ಜಾವ 4, ಚಿಕಾಗೊ ಅದೇ ದಿನ ಸಂಜೆ 4 ಅಂತಿದ್ರೆ ಹನ್ನೆರಡು ಗಂಟೆ ಪ್ರಯಾಣ ಅಲ್ಲ. ಅವರು ನಮಗಿಂತ ಚಳಿಗಾಲದಲ್ಲಿ ಹನ್ನೊಂದೂವರೆ, ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಹಿಂದೆ. ಕೂಡಿಸಿದ್ರೆ ಇಪ್ಪತ್ತಮೂರೂವರೆ ಅಥವಾ ಇಪ್ಪತ್ತೆರಡೂವರೆ. ವಾಪಸ್ ಬರುವಾಗ ಅಟ್ಲಾಂಟಿಕ್ ಮೇಲೆ ಗಾಳಿ ಬೆನ್ನಿಗಿರುತ್ತೆ, ಚಿಕಾಗೊದಿಂದ ಫ್ರಾಂಕ್‌ಫರ್ಟ್ ಅರ್ಧ ಮುಕ್ಕಾಲು ಗಂಟೆ ಬೇಗ ಮುಗಿಯುತ್ತೆ.

ಅರಸೀಕೆರೆಯಿಂದ: ಎಲ್ಲರೂ ಮೇಲಿನ ಲೆಕ್ಕ ಹೇಳಿದ್ರಿ, ಕೆಳಗಿನದ್ದು? ನಮ್ಮ ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದಿಂದ ಚಿಕಾಗೊಗೆ ಹಾರೋದು ನಮ್ಮ ಮೊಮ್ಮಕ್ಕಳ ಕಾಲಕ್ಕೆ. ಸದ್ಯಕ್ಕೆ ಹಾಸನದಿಂದ ದೇವನಹಳ್ಳಿಗೆ ಕಾರಲ್ಲಿ ನಾಲ್ಕು ಗಂಟೆ ಇಟ್ಕೊಳ್ಳಿ. ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದ್ರೆ ಊರೊಳಗಿನ ಟ್ರಾಫಿಕ್ ತಪ್ಪುತ್ತೆ. ಹೊರದೇಶದ ವಿಮಾನಕ್ಕೆ ಟರ್ಮಿನಲ್ 2. ಗಾಲಿಕುರ್ಚಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಬುಕಿಂಗ್‌ನಲ್ಲೇ ಹಾಕಿಸಿ. ಕೊನೇಪಕ್ಷ ಎರಡು ದಿನ ಮುಂಚೆ ಫೋನ್ ಮಾಡಿ, ನಡುವಿನ ನಿಲ್ದಾಣಕ್ಕೂ ಬರೆದಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ.