ಎರಡೇ ದಿನಕ್ಕೆ ವಿದೇಶಕ್ಕೆ ಹೋಗಿ ಸಂಗಾತಿಯನ್ನು ನೋಡಿ ಬರೋದು: ಟಿಕೆಟ್, ಇಮಿಗ್ರೇಷನ್, ಬ್ಯಾಗು

ಪ್ರಶ್ನೆ
ಸಂಗಾತಿ ಬೇರೆ ದೇಶದಲ್ಲಿದ್ದಾರೆ. ನೇರ ವಿಮಾನ, 5 ಗಂಟೆ. ಅಲ್ಲಿನ ಗಡಿಯಾರ ನಮಗಿಂತ 3 ಗಂಟೆ ಹಿಂದೆ. ಶುಕ್ರವಾರ ಕೆಲಸ ಮುಗಿಸಿ ಹೊರಟು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕು. ವೀಸಾ ಇದೆ. ಯಾವ ಹೊತ್ತಿನ ಟಿಕೆಟ್ ತೆಗೆಯೋದು? ಸಂಗಾತಿಯ ಮನೆಯಲ್ಲೇ ಇರ್ತೀನಿ ಅಂತ ಇಮಿಗ್ರೇಷನ್‌ನಲ್ಲಿ ಹೇಳಬಹುದಾ?

ಉತ್ತರ 1
ಹೋಗುವಾಗ 5 ಗಂಟೆ ಹಾರಿದರೂ ಗಡಿಯಾರದಲ್ಲಿ ಕಳೆಯೋದು 2 ಗಂಟೆ, ಬರುವಾಗ 8. ಶುಕ್ರವಾರ ರಾತ್ರಿ 10ಕ್ಕೆ ಹೊರಟರೆ ಅಲ್ಲಿ ಇಳಿಯೋದು ನಡುರಾತ್ರಿ 12ಕ್ಕೆ. ಭಾನುವಾರ ಸಂಜೆ 7ಕ್ಕೆ ಅಲ್ಲಿಂದ ಬಿಟ್ಟರೆ ಇಲ್ಲಿ ಸೋಮವಾರ ನಸುಕಿನ 3. ಇನ್ನೂ ಮೂರು ಗಂಟೆ ಜೊತೆಗಿರೋಣ ಅಂತ ರಾತ್ರಿ 10ರದ್ದು ಹಿಡಿದರೆ ಬೆಳಿಗ್ಗೆ 6. ವಿಮಾನ ಸ್ವಲ್ಪ ತಡವಾದರೂ ಕೆಲಸಕ್ಕೆ ಮುಟ್ಟಲ್ಲ.

ಎಡವಟ್ಟಾಗೋದು ತಾರೀಕಿನಲ್ಲಿ. ‘ಶುಕ್ರವಾರ 00:40’ ಅಂತಿದ್ದರೆ ಅದು ಗುರುವಾರ ರಾತ್ರಿಯ ವಿಮಾನ. ಕೆಲಸ ಮುಗಿಸಿ ಹತ್ತಬೇಕಾದದ್ದು ಶನಿವಾರದ ತಾರೀಕಿನದು.

ಅಗ್ಗ ಅಂತ ಬೇರೆ ಬೇರೆ ಟಿಕೆಟ್ ತೆಗೆದು ನಡುವೆ ವಿಮಾನ ಬದಲಿಸೋಕೆ ಹೋಗಬೇಡಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಸಾಮಾನ್ಯವಾಗಿ ಯಾರೂ ಹೊಣೆ ಹೊರಲ್ಲ. ಲಗೇಜ್ ಬಿಡಿಸಿಕೊಳ್ಳೋಕೆ ಆ ನಡುವಿನ ದೇಶದ ವೀಸಾ ಬೇಕಾಗಲೂಬಹುದು. ಒಂದೇ ಬುಕಿಂಗ್‌ನಲ್ಲಿ ಹೋಗಿಬರುವ ಟಿಕೆಟ್ ಇದ್ದರೆ ಇನ್ನೊಂದು ನೆನಪಿರಲಿ: ಹೋಗುವ ವಿಮಾನ ಹತ್ತದಿದ್ದರೆ ವಾಪಸ್ ಟಿಕೆಟ್ ಕೂಡ ರದ್ದಾಗೋದೇ ಹೆಚ್ಚು.

ಉತ್ತರ 2
ಧಾರಾಳವಾಗಿ ಹೇಳಿ, ನಿಜವನ್ನೇ ಹೇಳಿ. ವೀಸಾ ಇದ್ದರೂ ಒಳಗೆ ಬಿಡುವ ತೀರ್ಮಾನ ಕೌಂಟರಿನ ಅಧಿಕಾರಿಯದು. ‘ಪ್ರವಾಸ, ಹೋಟೆಲು’ ಎಂದು ಹೇಳಿ, ಬುಕಿಂಗ್ ತೋರಿಸಿ ಎಂದಾಗ ತಡವರಿಸಿದರೆ ಅಲ್ಲಿಂದಲೇ ಅನುಮಾನ ಶುರು. ಸಂಗಾತಿಯ ಪೂರ್ತಿ ವಿಳಾಸ, ಫೋನ್ ನಂಬರು, ವಾಪಸ್ ಟಿಕೆಟ್, ಕೆಲಸದಲ್ಲಿದ್ದೀರಿ ಎನ್ನುವ ಪತ್ರ ಇಷ್ಟನ್ನೂ ಕಾಗದದಲ್ಲಿ ಇಟ್ಟುಕೊಳ್ಳಿ. ಇಳಿದ ತಕ್ಷಣ ಮೊಬೈಲಿಗೆ ನೆಟ್‌ವರ್ಕ್ ಸಿಗುತ್ತದೆಂದು ನಂಬಬೇಡಿ.

ವೀಸಾದಲ್ಲಿ ಎಷ್ಟು ಸಲದ ಪ್ರವೇಶವಿದೆ ನೋಡಿ. ಒಂದೇ ಸಲ ಎಂದಿದ್ದರೆ ಈ ಎರಡು ದಿನಕ್ಕೇ ಅದು ಮುಗಿಯಿತು. ಷೆಂಗೆನ್ ದೇಶಗಳಾದರೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಯಾವುದೇ 180 ದಿನಗಳಲ್ಲಿ 90 ದಿನ ಮಿತಿ, ಹೋದ ದಿನ ಬಂದ ದಿನ ಎರಡೂ ಲೆಕ್ಕಕ್ಕೆ. ರಾತ್ರಿ 11:50ಕ್ಕೆ ಗಡಿ ದಾಟಿದರೂ ಒಂದು ಪೂರ್ತಿ ದಿನ ಹೋಯಿತು. ಪದೇ ಪದೇ ಹೋಗುವವರು ಇದನ್ನು ಬರೆದಿಟ್ಟುಕೊಳ್ಳಲೇಬೇಕು. ಮನೆಯಲ್ಲಿ ಉಳಿಸಿಕೊಂಡವರು ಪೊಲೀಸರಿಗೆ ತಿಳಿಸಬೇಕೆಂಬ ನಿಯಮ ಕೆಲವು ಕಡೆ ಇದೆ. ಚೀನಾದಲ್ಲಿ 24 ಗಂಟೆಯೊಳಗೆ.

ಉತ್ತರ 3
ಕೈಬ್ಯಾಗ್ ಒಂದೇ ಸಾಕು, ಲಗೇಜ್ ಬೆಲ್ಟ್ ಹತ್ತಿರ ಕಾಯುವ ಅರ್ಧ ಗಂಟೆ ಉಳಿಯುತ್ತೆ. ದ್ರವ ಪದಾರ್ಥಕ್ಕೆ ಈಗಲೂ ಬಹಳ ಕಡೆ 100 ಎಂಎಲ್ ನಿಯಮವೇ. ನೋಡೋದು ಬಾಟಲಿಯ ಅಳತೆ. 150ರ ಬಾಟಲಿಯಲ್ಲಿ ತಳಕ್ಕಿಷ್ಟೇ ಇದ್ದರೂ ತೆಗೆದಿಡಿಸ್ತಾರೆ. ಪವರ್ ಬ್ಯಾಂಕ್ ಕೈಬ್ಯಾಗಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ. 20,000 ಎಂಎಎಚ್‌ನದು ಸುಮಾರು 74, ತೊಂದರೆಯಿಲ್ಲ. ಉಡುಗೊರೆಗೆ ಬಣ್ಣದ ಕಾಗದ ಈಗಲೇ ಸುತ್ತಬೇಡಿ, ತಪಾಸಣೆಯಲ್ಲಿ ಬಿಚ್ಚಿಸಬಹುದು. ಕಾಗದ ಮಡಚಿ ಒಯ್ದು ಅಲ್ಲೇ ಸುತ್ತಿ.

ನಿದ್ದೆಯನ್ನು ಅಲ್ಲಿನ ಸಮಯಕ್ಕೆ ಒಗ್ಗಿಸೋಕೆ ಹೋಗಬೇಡಿ, ಎರಡು ದಿನದಲ್ಲಿ ಆಗಲ್ಲ. ಶನಿವಾರ ರಾತ್ರಿ 8ಕ್ಕೇ ನಿಮ್ಮ ಮೈಗೆ 11 ಗಂಟೆ. ಹಿಂದಿನ ರಾತ್ರಿಯ ನಿದ್ದೆಗೇಡು ಬೇರೆ. ಇಬ್ಬರೂ ಕೂತು ಮನಸ್ಸು ಬಿಚ್ಚಿ ಮಾತಾಡಬೇಕಾದದ್ದಿದ್ದರೆ ಶನಿವಾರ ಹಗಲಲ್ಲೇ ಆಗಲಿ.

ಯುರೋಪ್ ಆದರೆ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತೆ. ಮಾರ್ಚ್‌ನಲ್ಲಿ ನಿಮ್ಮ ಭಾನುವಾರದಿಂದ ಒಂದು ಗಂಟೆ ಹೋಗುತ್ತೆ. ಗೋಡೆ ಗಡಿಯಾರ ನಂಬಿಕೊಂಡು ಕೂತವರಿಗೆ ವಿಮಾನ ತಪ್ಪುತ್ತೆ.

ಪ್ರಶ್ನೆ ಕೇಳಿದವರು
ಭಾನುವಾರದ ವಿಮಾನವೇ ರದ್ದಾದರೆ?

ಉತ್ತರ 1
ಅದಕ್ಕೂ ರಾತ್ರಿ 10ರ ಕೊನೆಯ ವಿಮಾನ ಬೇಡ ಅನ್ನೋದು. 7ರದ್ದು ರದ್ದಾದರೆ 10ರದ್ದರಲ್ಲಿ ಸೀಟು ಕೇಳಬಹುದು. ಕೌಂಟರ್ ಸಾಲಲ್ಲಿ ನಿಂತುಕೊಂಡೇ ಆ್ಯಪ್‌ನಲ್ಲೂ ಪ್ರಯತ್ನಿಸಿ, ಅಷ್ಟರಲ್ಲಿ ಸಂಗಾತಿ ವಿಮಾನ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಲಿ.