ಹಳೇ ಬಲೆನೊ ಆರ್‌ಎಸ್ ತಗೊಳ್ಳಬಹುದಾ?

ಬಟವಾಡಿ ಹುಡುಗ: ತುಮಕೂರಲ್ಲೇ ಒಂದು 2018ರ ಮಾರುತಿ ಬಲೆನೊ ಆರ್‌ಎಸ್ ಕಾರು ನೋಡಿ ಬಂದೆ. 71 ಸಾವಿರ ಕಿ.ಮೀ. ಓಡಿದೆ, ಎರಡನೇ ಓನರ್. ದೇವರಾಯನದುರ್ಗದ ತಿರುವಿನಲ್ಲಿ ಎರಡನೇ ಗೇರಲ್ಲಿ ಎಳೆದ ರೀತಿ ಮನಸ್ಸಿಂದ ಹೋಗ್ತಾನೇ ಇಲ್ಲ. ಆದರೆ ಆಯಿಲ್ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಕಪ್ಪು ಜಿಗುಟು, ಬೆರಳು ಒರೆಸಿದರೂ ಹೋಗಲಿಲ್ಲ. ಬಿಡಲಾ?

ಕ್ಯಾತ್ಸಂದ್ರ: ತಮ್ಮಾ, ಅವಸರ ಬೇಡ. ಅದು 998 ಸಿಸಿ ಮೂರು ಸಿಲಿಂಡರ್ ಟರ್ಬೊ ಇಂಜಿನ್, ಅಂದರೆ ಗಾಳಿ ಒತ್ತಿ ತುಂಬೋ ಫ್ಯಾನ್ ಇರೋದು. ಆಯಿಲ್ ಬದಲಾಯಿಸದೆ ಓಡಿಸಿದ್ದರೆ ಮೊದಲು ಪೆಟ್ಟು ತಿನ್ನೋದು ಟರ್ಬೊ ಬೇರಿಂಗ್. ಸರ್ವಿಸ್ ಬಿಲ್ ಕೇಳು. ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಹೋಗು, ನೀನೇ ಸ್ಟಾರ್ಟ್ ಮಾಡು. ಸೈಲೆನ್ಸರಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ ಅಂತ, ವಾಪಸ್ ಬಾ. ಪೆಟ್ರೋಲ್ ನೇರ ಸಿಲಿಂಡರಿಗೇ ಹೋಗೋ ಇಂಜಿನ್ ಆದ್ದರಿಂದ, ಗಾಳಿ ಒಳಗೆ ಬಿಡೋ ಇನ್‌ಟೇಕ್ ವಾಲ್ವನ್ನು ಪೆಟ್ರೋಲ್ ತೊಳೆಯಲ್ಲ, ಅಲ್ಲಿ ಕಾರ್ಬನ್ ಕೂರುತ್ತೆ. ನಾನು ನನ್ನ ಗಾಡಿಯದನ್ನು ಬಿಚ್ಚಿಸಿದಾಗ ವಾಲ್ವ್ ಮೇಲೆ ಸುಟ್ಟ ರಾಗಿ ಮುದ್ದೆ ತಳ ಹಿಡಿದಂಗಿತ್ತು! ಕ್ಲೀನ್ ಮಾಡಿಸಿದ ಮೇಲೆ ಗಾಡಿ ನಿಂತಲ್ಲೇ ಇಂಜಿನ್ ಓಡುವಾಗಿನ ನಡುಕ ನಿಂತೇಹೋಯ್ತು. ಘಾಟಿ ಹತ್ತಿದ ಮೇಲೆ ತಕ್ಷಣ ಆಫ್ ಮಾಡಬೇಡ, ಟರ್ಬೊ ತಣ್ಣಗಾಗೋಕೆ ಒಂದು ನಿಮಿಷ ಇಂಜಿನ್ ಹಾಗೇ ಓಡಲಿ ಬಿಡು.

ಗುಬ್ಬಿ ರೋಡ್: ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್ ಇದೆ, ಹಿಂದಿನವನ್ನೂ ನೋಡಿ. ಸಾಲ ಇತ್ತಾ ಅಂತ ಆರ್‌ಸಿಲಿ ನೋಡಿ, ಇದ್ದರೆ ಸಾಲ ತೀರಿದೆ ಅಂತ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲ ತೆಗೆಸೋ ಫಾರಂ 35 ತಗೊಳ್ಳಿ. ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಮಾರುವವರ ಸಹಿ ಹಾಕಿಸಿ.

ಬಟವಾಡಿ ಹುಡುಗ: ಅಣ್ಣಾ, ಇವತ್ತು ಆರೂವರೆಗೇ ಹೋಗಿದ್ದೆ. ಹೊಗೆ ಇಲ್ಲ. ಆದರೆ ಆಯಿಲ್ ಬಿಲ್ ಒಂದೂ ಇಲ್ಲ. ಆ ಗಾಡಿ ಬೇಡ ಅಂತ ಬಿಟ್ಟೆ, ಬೇರೆ ಹುಡುಕ್ತಾ ಇದ್ದೀನಿ.